ಕಿಡ್ನಿಗೆ ಕಾಯಿಲೆ, ಮನಸ್ಸಿಗೇಕೆ ಪರೀಕ್ಷೆ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಹದಿನೈದು ವರ್ಷದಿಂದ ಶುಗರ್ ಇದೆ, ಕಳೆದ ಒಂದು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೋದ ತಿಂಗಳು ಅಲ್ಲಿನ ನರ್ಸ್ ಒಂಬತ್ತು ಪ್ರಶ್ನೆಗಳ ಹಾಳೆಯೊಂದನ್ನು ಅವರಿಂದ ತುಂಬಿಸಿಕೊಂಡರು. 14 ಅಂಕ ಬಂತು, ಮನೋವೈದ್ಯರನ್ನು ನೋಡಿ ಎಂದರು. ಅಪ್ಪನಿಗೆ ವಿಪರೀತ ಸಿಟ್ಟು: ‘ಕೆಟ್ಟಿರುವುದು ಕಿಡ್ನಿ, ತಲೆಯಲ್ಲ.’ ನಿದ್ದೆ ಇಲ್ಲ, ಸುಸ್ತು, ಊಟ ಸೇರದು, ಈ ಮೂರಕ್ಕೇ 8 ಅಂಕ ಹೋಗಿದೆ. ಇವೆಲ್ಲ ಡಯಾಲಿಸಿಸ್‌ನಿಂದ ಆಗುವಂಥವೇ ಅಲ್ಲವೇ? ಕೊನೆಯ ಪ್ರಶ್ನೆಯನ್ನು ಅವರು ಖಾಲಿ ಬಿಟ್ಟಿದ್ದಾರೆ. ಈ ಹಾಳೆಯನ್ನು ನಂಬಬಹುದೇ?

ಉತ್ತರ: ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ವಿವರಣೆ ನೋಡಿದರೆ ಅದು ಖಿನ್ನತೆ ಇರಬಹುದೇ ಎಂದು ತಿಳಿಯಲು ಬಳಸುವ ಪಿಎಚ್‌ಕ್ಯೂ-9 ಎಂಬ ಹಾಳೆ. ಅದರ ಒಂಬತ್ತನೆಯ ಪ್ರಶ್ನೆ, ಸತ್ತರೇ ಮೇಲು ಎಂದೋ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂದೋ ಅನ್ನಿಸಿದೆಯೇ ಎಂಬುದು. ಖಾಲಿ ಬಿಟ್ಟದ್ದನ್ನು ಸೊನ್ನೆ ಎಂದು ಓದಬೇಡಿ. ಕಣ್ಣು ತಪ್ಪಿರಬಹುದು, ಬರೆಯಲು ಮನಸ್ಸು ಬಾರದೆಯೂ ಇದ್ದಿರಬಹುದು. ಯಾರಾದರೂ ಪಕ್ಕ ಕೂತು ಬಾಯಿಬಿಟ್ಟು ಕೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ. ಹಾಗಾಗುವುದಿಲ್ಲ, ಎಷ್ಟೋ ಜನರಿಗೆ ಕೇಳಿದ್ದೇ ಹಗುರವೆನಿಸುತ್ತದೆ. ‘ಇನ್ನು ಈ ಡಯಾಲಿಸಿಸ್ ಯಾಕೆ’ ಎನ್ನುವುದು, ಸರದಿ ತಪ್ಪಿಸುವುದು, ಇನ್ಸುಲಿನ್ ಬೇಡವೆನ್ನುವುದು ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಹೌದು, ಸಾಯುವ ಯೋಚನೆ ಇದೆ ಎಂದರೆ ಒಬ್ಬರನ್ನೇ ಬಿಡದೆ, ಇನ್ಸುಲಿನ್ ಮತ್ತು ಮಾತ್ರೆಗಳನ್ನು ನಿಮ್ಮ ಕೈಯಲ್ಲಿಟ್ಟುಕೊಂಡು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಅಂಕದ ವಿಷಯ. ನಿಮ್ಮ ಅನುಮಾನ ಸರಿಯಾದದ್ದೇ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ವಿಚಾರಿಸಬೇಕು ಎಂಬುದು ರೂಢಿ. ಅದರಲ್ಲಿ ನಿದ್ದೆ, ಸುಸ್ತು, ಹಸಿವಿನ ಪ್ರಶ್ನೆಗಳಿಗೆ ಕಿಡ್ನಿ ಕಾಯಿಲೆಯೇ ಉತ್ತರ ಬರೆಸಿಬಿಡಬಲ್ಲದು. ಈ ತೊಡಕಿಗಾಗಿಯೇ, ಆಸ್ಪತ್ರೆಯ ರೋಗಿಗಳಿಗೆಂದು 1983ರಲ್ಲಿ ಬಂದ ಎಚ್‌ಎಡಿಎಸ್ ಎಂಬ ಹಾಳೆಯಲ್ಲಿ ದೇಹದ ಲಕ್ಷಣಗಳನ್ನು ಆದಷ್ಟು ಕೈಬಿಟ್ಟಿದ್ದಾರೆ.

ಆದರೆ ಆ ಎಂಟನ್ನು ಕಳೆದರೂ ಆರು ಉಳಿಯುತ್ತದಲ್ಲ? ಅದು ಎಲ್ಲಿಂದ ಬಂತು ನೋಡಿ. ಮೊದಲ ಎರಡು ಪ್ರಶ್ನೆ ಬಹಳ ಮುಖ್ಯ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು. ಆರನೆಯದು, ತಾನು ಸೋತವನು, ಮನೆಯವರ ನಿರೀಕ್ಷೆ ಹುಸಿ ಮಾಡಿದೆ ಎಂಬ ಭಾವ. ಡಯಾಲಿಸಿಸ್ ಮುಗಿಸಿ ಬಂದವರು ಸುಸ್ತಾಗಿ ಮಲಗುತ್ತಾರೆ, ಮರುದಿನ ಮೊಮ್ಮಗು ಬಂದರೆ ಮುಖ ಅರಳುತ್ತದೆ. ಖಿನ್ನತೆ ಹಿಡಿದವರಿಗೆ ಆ ಮಗು ಬಂದರೂ ಒಂದೇ, ಹೋದರೂ ಒಂದೇ. ಇದು ಎರಡು ವಾರ, ಹೆಚ್ಚುಕಡಿಮೆ ದಿನವೂ, ಹೀಗೇ ಇದೆಯೇ ಎಂಬುದನ್ನು ನೀವೇ ಗಮನಿಸಿ. ಹಾಳೆಯನ್ನು ಡಯಾಲಿಸಿಸ್ ಇಲ್ಲದ ದಿನ ಇನ್ನೊಮ್ಮೆ ತುಂಬಿಸುವುದೂ ಒಳ್ಳೆಯದು.

14 ಅಂಕ ಬಂದ ಮಾತ್ರಕ್ಕೆ ಖಿನ್ನತೆ ಎಂದು ತೀರ್ಮಾನವಾಗುವುದಿಲ್ಲ. ಅದನ್ನು ಹೇಳಬೇಕಾದವರು ಎದುರು ಕೂತು ಮಾತನಾಡಿಸುವ ವೈದ್ಯರು. ಅವರು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಬಹುದು. ಇವುಗಳ ಏರುಪೇರೂ ಖಿನ್ನತೆಯ ವೇಷ ಹಾಕಿ ಬರುತ್ತದೆ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ ಒಯ್ಯಿರಿ. ಕಿಡ್ನಿ ಸೋತವರಿಗೆ ಖಿನ್ನತೆಯ ಮಾತ್ರೆಗಳ ಆಯ್ಕೆ, ಪ್ರಮಾಣ ಎರಡರಲ್ಲೂ ಎಚ್ಚರ ಬೇಕು. ಮಾತ್ರೆ ಕೊಟ್ಟರೂ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ಆಪ್ತಸಮಾಲೋಚನೆಯಿಂದಲೂ ಪ್ರಯೋಜನವಿದೆ.

‘ಇಂಥ ಕಾಯಿಲೆ ಬಂದರೆ ಯಾರಿಗೆ ತಾನೇ ಬೇಜಾರಾಗಲ್ಲ?’ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ನನಗೆ ಅತಿ ಹೆಚ್ಚು ಸಂಕಟ ಕೊಡುವ ಮಾತು ಇದು. ಕಾರಣ ಇದೆ ಎಂದು ಯಾರೂ ಮುರಿದ ಕಾಲನ್ನು ಹಾಗೇ ಬಿಡುವುದಿಲ್ಲ. ದೀರ್ಘಕಾಲದ ದೈಹಿಕ ಕಾಯಿಲೆ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಮನಸ್ಸು ಸೋತವರು ಪಥ್ಯ ಬಿಡುತ್ತಾರೆ, ಮಾತ್ರೆ ಮರೆಯುತ್ತಾರೆ, ಆಗ ಶುಗರ್ ಏರುತ್ತದೆ, ಶುಗರ್ ಏರಿದ್ದಕ್ಕೆ ಮನಸ್ಸು ಮತ್ತಷ್ಟು ಕುಸಿಯುತ್ತದೆ.

ತಂದೆಯವರ ಜೊತೆ ‘ನಿಮಗೆ ಖಿನ್ನತೆ’ ಎಂದು ವಾದಕ್ಕಿಳಿಯಬೇಡಿ. ಅವರ ಕಿಡ್ನಿ ವೈದ್ಯರಿಂದಲೇ ಹೇಳಿಸಿ. ವರ್ಷದಿಂದ ನಂಬಿದ ಮುಖ ಅದು. ‘ನಿದ್ದೆ ಬರುತ್ತಿಲ್ಲವಲ್ಲ ಅಪ್ಪ, ಅದಕ್ಕೊಬ್ಬರನ್ನು ಕೇಳಿ ಬರೋಣ’ ಎಂದರೆ ಅದು ಸುಳ್ಳೂ ಆಗುವುದಿಲ್ಲ. ಒಳಗೆ ಹೋದಮೇಲೆ ಹತ್ತು ನಿಮಿಷ ಅವರೊಬ್ಬರೇ ವೈದ್ಯರ ಜೊತೆ ಇರಲಿ, ನೀವು ಹೊರಗೆ ಕಾಯಿರಿ. ಮಗಳ ಎದುರು ಆಡಲಾರದ ಮಾತು ಅಲ್ಲಿ ಬರಬಹುದು.