‘ಡಯೊನೈಸಸ್’ ಆಲ್ಬಂ: ವಿಮರ್ಶಕರಲ್ಲಿ ಯಾಕಿಷ್ಟು ಭಿನ್ನಾಭಿಪ್ರಾಯ?

ಪ್ರಶ್ನೆ: ‘ಗ್ಲಾಡಿಯೇಟರ್’ ಸಿನಿಮಾದ ಸಂಗೀತ ಕೇಳಿ ಲೀಸಾ ಜೆರಾರ್ಡ್ ದನಿಗೆ ಮರುಳಾದವನು ನಾನು. ಅಲ್ಲಿಂದ ಲೀಸಾ ಮತ್ತು ಬ್ರೆಂಡನ್ ಪೆರಿ ಅವರ ಡೆಡ್ ಕ್ಯಾನ್ ಡಾನ್ಸ್ ಜೋಡಿಯ ಆಲ್ಬಂಗಳನ್ನು ಒಂದೊಂದಾಗಿ ಕೇಳುತ್ತಾ ಬಂದೆ. ಈಗ 2018ರ ‘ಡಯೊನೈಸಸ್’ ಹತ್ತಿರ ನಿಂತಿದ್ದೇನೆ. ಒಂದು ವಿಮರ್ಶೆ ಹಾಡಿ ಹೊಗಳುತ್ತದೆ, ಇನ್ನೊಂದು ‘ಇದರಲ್ಲಿ ಹಾಡುಗಳೇ ಇಲ್ಲ’ ಅನ್ನುತ್ತದೆ. ನನಗೂ ಮೊದಲ ಸಲ ಸಪ್ಪೆ ಅನಿಸಿತು. ಯಾರನ್ನು ನಂಬಲಿ? ಇದು ನಿಜಕ್ಕೂ ಡಾರ್ಕ್‌ವೇವ್ (ಎಂಬತ್ತರ ದಶಕದ, ಮಂಕು ಕವಿದ ಭಾವದ ರಾಕ್ ಶೈಲಿ) ಹೌದಾ?

ಉತ್ತರ: ನಿಮಗೆ ಸಪ್ಪೆ ಅನಿಸಿದ್ದು ಸಹಜ. ನೀವು ಲೀಸಾ ದನಿ ಹುಡುಕಿಕೊಂಡು ಹೋದಿರಿ, ಇಲ್ಲಿ ಅದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಬೇಸರಪಟ್ಟ ವಿಮರ್ಶಕರದ್ದೂ ಹೆಚ್ಚುಕಡಿಮೆ ಇದೇ ಕಥೆ.

ಡಾರ್ಕ್‌ವೇವ್ ಪ್ರಶ್ನೆ ಮೊದಲು ಮುಗಿಸೋಣ. 1981ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ತಂಡ ಇದು. ಆಮೇಲೆ ಲಂಡನ್‌ಗೆ ಹೋಯಿತು. 1984ರ ಮೊದಲ ಆಲ್ಬಂನಲ್ಲಿ ಗಿಟಾರ್, ಬೇಸ್, ಡ್ರಮ್ಸ್, ಮೇಲೆ ಒಂದು ಮಬ್ಬು. ಡಾರ್ಕ್‌ವೇವ್ ಅನ್ನುವ ಹೆಸರು ಅಂಟಿಕೊಂಡಿದ್ದು ಆಗ. ಸಂಗೀತ ಎಲ್ಲೆಲ್ಲೋ ಹೋಯಿತು, ಹೆಸರು ಮಾತ್ರ ಉಳಿಯಿತು.

ಈಗ ಮುಖ್ಯ ವಿಷಯ. 2012ರ ಅವರ ಆಲ್ಬಂ ‘ಅನಾಸ್ಟಾಸಿಸ್’ ನೆನಪು ಮಾಡಿಕೊಳ್ಳಿ. ಎಂಟು ಹಾಡು. ಒಂದರಲ್ಲಿ ಬ್ರೆಂಡನ್ ಪೆರಿ, ಇನ್ನೊಂದರಲ್ಲಿ ಲೀಸಾ, ಏಳನೆಯದರಲ್ಲಿ ಇಬ್ಬರೂ. ಆರು ವರ್ಷ ಕಾದ ಅಭಿಮಾನಿಗೆ ಅದೇ ಬೇಕಿತ್ತು. ಬಂದಿದ್ದು ಬರೀ 36 ನಿಮಿಷದ, ನಾಟಕದ ಹಾಗೆ ಎರಡು ಅಂಕದ, ಏಳು ಭಾಗಗಳ ಒಂದೇ ಕೃತಿ. ಗ್ರೀಕರ ದೇವರು ಡಯೊನೈಸಸ್‌ನ ಕಥೆ, ಅವನ ಹೆಸರಲ್ಲಿ ನಡೆಯುತ್ತಿದ್ದ ವಸಂತದ, ಸುಗ್ಗಿಯ ಹಬ್ಬಗಳು ಇದರ ಹಿಂದಿವೆ. ಹಬ್ಬದಲ್ಲಿ ಒಬ್ಬರೇ ನಿಂತು ಹಾಡುವುದಿಲ್ಲ ಅಲ್ವಾ? ಇಡೀ ಗುಂಪು ಹಾಡುತ್ತದೆ. ಅದಕ್ಕೇ ಪೆರಿ ಇಲ್ಲಿ ದನಿಯನ್ನು ಮೇಳದ ಒಳಗೆ ಸೇರಿಸಿದ್ದಾರೆ. ಗಾಯಿದಾ ಅನ್ನುವ ಬಾಲ್ಕನ್ ಊದುವಾದ್ಯ (ಉಸಿರು ತುಂಬಿಸಿ ನುಡಿಸುವ ಚರ್ಮದ ಚೀಲ), ಗದುಲ್ಕ ಅನ್ನುವ ಬಲ್ಗೇರಿಯದ ಪಿಟೀಲು, ದಫ್ ಅನ್ನುವ ತಮಟೆ, ಫುಜಾರ ಅನ್ನುವ ಆಳುದ್ದದ ಸ್ಲೊವಾಕ್ ಕೊಳಲು, ಜೊತೆಗೆ ಜೇನುಗೂಡಿನ ಗುಂಯ್ ಸದ್ದು, ಹಕ್ಕಿಗಳ ಕೂಗು. ಇವುಗಳಿಗೆ ಎಷ್ಟು ಜಾಗವೋ ಮನುಷ್ಯರ ದನಿಗೂ ಅಷ್ಟೇ. ಪದಗಳೂ ಯಾವ ಭಾಷೆಯವೂ ಅಲ್ಲ. ಲೀಸಾ ಚಿಕ್ಕಂದಿನಿಂದಲೂ ಹಾಗೇ, ತಮ್ಮದೇ ಉಲಿಗಳಲ್ಲಿ ಹಾಡುತ್ತಾ ಬಂದವರು.

ಹೀಗೆ ನೋಡಿದರೆ, ಹೊಗಳಿದವರು ಇಡೀ ಕೃತಿಯನ್ನು ಅಳೆದರು, ತೆಗಳಿದವರು ಬಿಡಿ ಹಾಡುಗಳನ್ನು ಹುಡುಕಿದರು. ಬಿಡಿ ಬಿಡಿಯಾಗಿ ಕೇಳಿದರೆ ಇದು ಖಂಡಿತ ಸೋಲುತ್ತದೆ. ನಾನು ಹೊಗಳಿದವರ ಕಡೆ.

ಆದರೂ ಒಂದು ದೂರು ನನಗೂ ಇದೆ. ಬ್ರೆಂಡನ್‌ರ ಆ ತುಂಬು ಕಂಠದಲ್ಲಿ, ಅರ್ಥವಾಗುವ ನಾಲ್ಕು ಸಾಲು ಕೇಳಬೇಕು ಅಂತ ಜೀವ ಹಾತೊರೆಯುತ್ತದೆ. ಅದು ಸಿಗುವುದೇ ಇಲ್ಲ. 1987ರ ಆಲ್ಬಂನಲ್ಲಿ ಒಂದು ಬದಿ ಅವರದ್ದು, ಇನ್ನೊಂದು ಬದಿ ಲೀಸಾದು ಅನ್ನುವ ಹಾಗಿತ್ತು. ಆ ಹಂಚಿಕೆಯ ಸುಖವೇ ಬೇರೆ. ‘ಊರೂರಿನ ವಾದ್ಯ ತಂದು ಸುಮ್ನೆ ಗುಡ್ಡೆ ಹಾಕಿದ್ದಾರೆ’ ಅನ್ನುವ ಟೀಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ದಫ್ ಎಲ್ಲಿ ನಿಲ್ಲುತ್ತದೆ, ಗಾಯಿದಾ ಎಲ್ಲಿ ಎದ್ದು ಬರುತ್ತದೆ ಅಂತ ಕಿವಿಗೊಟ್ಟು ಕೇಳಿ. ಒಂದೂ ಸುಮ್ನೆ ಬಂದಿಲ್ಲ.

ಇನ್ನೊಂದು ಸಲ ಪ್ರಯತ್ನಿಸಿ. ಶಫಲ್ ಆಫ್ ಮಾಡಿ. ರಾತ್ರಿ, ಇಯರ್‌ಫೋನ್ ಹಾಕಿ, ಮೊದಲಿನಿಂದ ಕೊನೆವರೆಗೆ ಎದ್ದೇಳದೆ ಕೇಳಿ. ಎರಡನೇ ಅಂಕದ ಎರಡನೇ ಭಾಗ ‘ದಿ ಇನ್ವೊಕೇಶನ್’. ಅಲ್ಲಿಗೆ ಬಂದಾಗ ಹೆಂಗಸರ ಮೇಳ ಬಲ್ಗೇರಿಯದ ಹಳ್ಳಿ ಹಾಡಿನ ಗತ್ತಿನಲ್ಲಿ ದನಿ ಎತ್ತುತ್ತದೆ. ನೀವು ಹುಡುಕುತ್ತಿದ್ದ ಲೀಸಾ ಅಲ್ಲೇ ಇದ್ದಾರೆ, ಗುಂಪಿನ ನಡುವೆ.