ಓದುಗರ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಗ್ಯಾಲಪಗೋಸ್

ಪ್ರಶ್ನೆ: ಸೇಂಟ್ ಮೇರೀಸ್ ದ್ವೀಪದ ಜ್ವಾಲಾಮುಖಿ ಶಿಲೆಗಳನ್ನು ಕಂಡಂದಿನಿಂದ, ಜ್ವಾಲಾಮುಖಿಗಳಿಂದಲೇ ಹುಟ್ಟಿದ ಗ್ಯಾಲಪಗೋಸ್ ದ್ವೀಪಗಳನ್ನು ನೋಡುವ ಆಸೆಯಾಗಿದೆ. ಹಡಗಿನ ಪ್ರವಾಸ ದುಬಾರಿ, ಬೇರೆ ದಾರಿಯಿದೆಯೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಇದೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ದೂರದ ಈ ದ್ವೀಪಗಳಿಗೆ ವಿಮಾನದ ಖರ್ಚು ಹಾಗೂ 2024ರ ಆಗಸ್ಟ್‌ನಿಂದ 200 ಡಾಲರಿಗೇರಿರುವ ಪ್ರವೇಶ ಶುಲ್ಕ ತಪ್ಪುವುದಿಲ್ಲವಾದರೂ, ಸಾಂತಾಕ್ರೂಸ್ ದ್ವೀಪದ ಪುವೆರ್ಟೊ ಅಯೋರಾ ಊರಿನ ಸಾಧಾರಣ ವಸತಿಗೃಹದಲ್ಲಿ ತಂಗಿದರೆ ಹಡಗಿನ ವೆಚ್ಚ ಉಳಿಯುತ್ತದೆ. ಅಲ್ಲಿನ ಮೀನು ಮಾರುಕಟ್ಟೆಯಲ್ಲಿ, ನಿಮ್ಮ ಬಂದರಿನ ಬೆಕ್ಕುಗಳಂತೆಯೇ, ಕಡಲಸಿಂಹಗಳೂ ಪೆಲಿಕನ್‌ಗಳೂ ಮೀನು ಕೊಯ್ಯುವವರ ಕಾಲಬುಡದಲ್ಲಿ ಕಾದಿರುತ್ತವೆ. ಟೊರ್ಟುಗಾ ಕೊಲ್ಲಿಗೆ ನಡೆದೇ ಹೋಗಿ ದೊಡ್ಡ ಹಲ್ಲಿಗಳಂಥ ಕಡಲ ಇಗುವಾನಗಳನ್ನು ನೋಡಬಹುದು. ಪ್ರಾಣಿಗಳಿಂದ 2 ಮೀಟರ್ ದೂರವಿರುವುದು ಕಡ್ಡಾಯ. ಜನವಸತಿಯಿಲ್ಲದ ದ್ವೀಪಗಳಿಗೆ ಅಧಿಕೃತ ಮಾರ್ಗದರ್ಶಿಯೊಡನೆಯೇ ಹೋಗಬೇಕಾಗುವುದರಿಂದ, ಅಂಥ ಒಂದು ದಿನದ ಪ್ರವಾಸಕ್ಕಾದರೂ ಹಣ ತೆಗೆದಿರಿಸಿ; ಜಿಪುಣತನ ಅಲ್ಲಿ ಬೇಡ.