ಹಾರ್ಡ್ ಡಿಸ್ಕ್ ಕೈಕೊಟ್ಟ ಮೇಲೆ ಹಳೇ ವಿಂಡೋಸ್ ಹಾಗೇ ವಾಪಸ್ ಬರುತ್ತಾ?

ಪ್ರಶ್ನೆ: ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ನಮ್ಮದು ಮೆಕ್ಕೆಜೋಳದ ದಲಾಲಿ ಮಂಡಿ. ಅಂಗಡಿ ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಲೋಗೋ ತನಕ ಬಂದು ಸುತ್ತುತ್ತಾ ನಿಲ್ಲುತ್ತದೆ, ಆಮೇಲೆ ನೀಲಿ ಪರದೆ. ರಿಪೇರಿಯವರು ಹಾರ್ಡ್ ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು ಅಂದರು. ಟ್ಯಾಲಿ, ಕನ್ನಡ ಟೈಪಿಂಗ್‌ನ ನುಡಿ, ಪ್ರಿಂಟರ್ ಎಲ್ಲಾ ಮೊದಲಿನ ಹಾಗೇ ಇರುವಂತೆ ವಿಂಡೋಸ್ ವಾಪಸ್ ತರಬಹುದಾ?

ಉತ್ತರ:

ತರಬಹುದು ಸರ್, ಸಾಧ್ಯತೆ ಚೆನ್ನಾಗೇ ಇದೆ. ಲೋಗೋ ತನಕ ಬರುತ್ತಿದೆ ಅಂದರೆ ಡಿಸ್ಕ್ ಇನ್ನೂ ಸ್ವಲ್ಪ ಓದುತ್ತಿದೆ ಅಂತಲೇ ಅರ್ಥ. ಅದಕ್ಕೇ ಈಗ ಮೊದಲು ಸ್ವಿಚ್ ಆಫ್ ಮಾಡಿ. ಇನ್ನೊಂದು ಸಲ ಆನ್ ಮಾಡಿ ನೋಡೋಣ ಅನ್ನಬೇಡಿ.

ನಾನು ಇದೇ ಊರಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವನು. ಮಂಡಿ, ಮಿಲ್ಲು, ಡಿಟಿಪಿ ಸೆಂಟರ್‌ಗಳ ಮಷಿನ್‌ಗಳೇ ನನ್ನ ಹತ್ತಿರ ಜಾಸ್ತಿ ಬರುತ್ತವೆ. ಅಷ್ಟರಲ್ಲಿ ಯಾರಾದರೂ ಒಬ್ಬರು ಕೈ ಆಡಿಸಿ ಕೆಲಸ ಕೆಡಿಸಿರುತ್ತಾರೆ. ಹೆಚ್ಚಾಗಿ ಚೆಕ್‌ಡಿಸ್ಕ್, ಅಂದರೆ ವಿಂಡೋಸ್‌ನದೇ ಡಿಸ್ಕ್ ತಪಾಸಣೆ ಪ್ರೋಗ್ರಾಂ ಹಾಕಿರುತ್ತಾರೆ. ಬ್ಯಾಡ್ ಸೆಕ್ಟರ್ (ಡಿಸ್ಕಿನಲ್ಲಿ ಕೆಟ್ಟುಹೋದ ಚಿಕ್ಕ ಚಿಕ್ಕ ತುಣುಕು) ಹುಡುಕುವ ಆಯ್ಕೆ ಕೊಟ್ಟರೆ ಅದು ಪ್ರತಿ ಸೆಕ್ಟರನ್ನೂ ಓದುತ್ತದೆ. ಓದಲು ಆಗದ ಕಡೆ ಡಿಸ್ಕ್ ಒದ್ದಾಡುತ್ತದೆ. ಮೇಲಿಂದ ಅದೇ ಡಿಸ್ಕಿಗೆ ತಿದ್ದುಪಡಿ ಬರೆಯುತ್ತದೆ. ಗಟ್ಟಿ ಡಿಸ್ಕಿಗೆ ಅದು ಒಳ್ಳೇದೇ. ಸಾಯುತ್ತಿರುವ ಡಿಸ್ಕಿಗೆ ಅಲ್ಲ. ನಿಮ್ಮ ಅಂಗಡಿಯಲ್ಲಿ ಚೀಲ ಹರಿದರೆ ಕಾಳು ಒಳಗಿಟ್ಟುಕೊಂಡೇ ಹೊಲಿಗೆ ಹಾಕುತ್ತಾ ಕೂರುತ್ತೀರಾ? ಮೊದಲು ಬೇರೆ ಚೀಲಕ್ಕೆ ಸುರಿಯುತ್ತೀರಿ ಅಲ್ವಾ. ಇಲ್ಲೂ ಅಷ್ಟೇ. ಮೊದಲು ಹೊಸ ಡಿಸ್ಕಿಗೆ ನಕಲು, ರಿಪೇರಿ ಏನಿದ್ದರೂ ಆ ನಕಲಿನ ಮೇಲೆ.

ಹೊಸ ಡಿಸ್ಕ್ ಕೊಳ್ಳುವ ಮುಂಚೆ ಒಂದು ವಿಷಯ ನೋಡಿಸಿ. ಕೆಲವು ಸಲ ಡಿಸ್ಕ್ ಚೆನ್ನಾಗೇ ಇರುತ್ತದೆ, ಅದನ್ನು ಮದರ್‌ಬೋರ್ಡಿಗೆ ಸೇರಿಸುವ ಸಾಟಾ ಕೇಬಲ್ ಹೋಗಿರುತ್ತದೆ. ಮಂಡಿಯ ಧೂಳಿನಲ್ಲಿ ಕ್ಯಾಬಿನೆಟ್ ಒಳಗೆ ಏನೇನು ತುಂಬಿಕೊಂಡಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ! ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ, ಅದಕ್ಕೆ ಸ್ಮಾರ್ಟ್ ಅಂತಾರೆ. ಬೇರೆ ಕಂಪ್ಯೂಟರಿಗೆ ಹಾಕಿ ಆ ಲೆಕ್ಕ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ತೆರೆದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. 199ನೇ (ಅದರಲ್ಲಿ C7 ಅಂತ ಕಾಣುತ್ತದೆ) ಸಾಲಿನ ಸಂಖ್ಯೆ ಮಾತ್ರ ಏರಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ. 5 (05) ಮತ್ತು 197ನೇ (C5) ಸಾಲುಗಳು ಸೊನ್ನೆ ಬಿಟ್ಟು ಮೇಲೇರುತ್ತಿದ್ದರೆ ಡಿಸ್ಕೇ ಹಾಳಾಗುತ್ತಿದೆ. 5 ಅಂದರೆ ಈಗಾಗಲೇ ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು. 197 ಅಂದರೆ ಓದಲು ಆಗದೆ ಬಾಕಿ ನಿಂತಿರುವವು.

ಟಕ್ ಟಕ್ ಅಂತ ಒಂದೇ ಸಮ ಸದ್ದು ಬರುತ್ತಿದ್ದರೆ, ಅಥವಾ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯಬಹುದಾದ ಸೆಟಪ್ ಪರದೆ) ಡಿಸ್ಕಿನ ಹೆಸರೇ ಕಾಣದಿದ್ದರೆ, ಈ ಕೆಳಗಿನದು ಯಾವುದೂ ನಿಮಗಲ್ಲ. ಅದು ಲ್ಯಾಬ್ ಕೆಲಸ, ಬೆಂಗಳೂರಿಗೆ ಕಳಿಸಬೇಕು. ಮುಚ್ಚಳ ಬಿಚ್ಚಿ ನೋಡುತ್ತೇನೆ ಅನ್ನುವವರ ಕೈಗೆ ಕೊಡಬೇಡಿ. ಫ್ರಿಜ್‌ನಲ್ಲಿ ಇಟ್ಟರೆ ಸರಿಯಾಗುತ್ತದೆ ಅನ್ನುವ ಯೂಟ್ಯೂಬ್ ಪಂಡಿತರನ್ನೂ ನಂಬಬೇಡಿ.

ಈಗ ನಕಲಿನ ವಿಷಯ. ಹಳೇ ಡಿಸ್ಕಿನಷ್ಟೇ ಅಥವಾ ಅದಕ್ಕಿಂತ ದೊಡ್ಡ ಎಸ್‌ಎಸ್‌ಡಿ (ಹೊಸ ಮಾದರಿಯ ಡಿಸ್ಕ್) ತನ್ನಿ. ನಾನು ಬಳಸುವುದು ಗ್ನೂ ಡಿಡಿರೆಸ್ಕ್ಯೂ ಅನ್ನುವ ನಕಲು ಪ್ರೋಗ್ರಾಂ. ವಿಂಡೋಸ್ ಬದಲಿಗೆ ಓಡುವ ಸಿಸ್ಟಮ್‌ರೆಸ್ಕ್ಯೂ ಅನ್ನುವ ಲಿನಕ್ಸ್‌ನಲ್ಲಿ ಅದು ಮೊದಲೇ ಇರುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬಹುದು, ಅಂದರೆ ಕಂಪ್ಯೂಟರ್ ಶುರು ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಮಾಮೂಲಿ ಕಾಪಿ ಪ್ರೋಗ್ರಾಂ ಕೆಟ್ಟ ಜಾಗ ಸಿಕ್ಕ ಕೂಡಲೇ ಅಲ್ಲೇ ಕೂತುಬಿಡುತ್ತದೆ. ಇದು ಹಾಗಲ್ಲ. ಕೆಟ್ಟ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ವಾಪಸ್ ಬರುತ್ತದೆ. ಎಲ್ಲೆಲ್ಲಿ ಆಯಿತು, ಎಲ್ಲಿ ಬಾಕಿ ಅನ್ನುವುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಈ ಫೈಲನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಡಿ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಬೇಸಿಗೆಯಲ್ಲಂತೂ ಇದು ಬೇಕೇ ಬೇಕು.

ಎರಡೂ ಡಿಸ್ಕನ್ನು ನೇರವಾಗಿ ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಹಾಕಿ. ಯುಎಸ್‌ಬಿ ಕನ್ವರ್ಟರ್ ಮೂಲಕ ಹಾಕಿದರೆ ಡಿಸ್ಕ್ ತಡವರಿಸಿದಾಗ ಕನೆಕ್ಷನ್ನೇ ಕಳಚಿಕೊಳ್ಳುತ್ತದೆ. ಕಮಾಂಡ್ ಕೊಡುವಾಗ ಮೊದಲು ಹಳೇದು, ಆಮೇಲೆ ಹೊಸದು. ಇದು ಉಲ್ಟಾ ಆದರೆ ಖಾಲಿ ಡಿಸ್ಕ್ ಹೋಗಿ ನಿಮ್ಮ ಲೆಕ್ಕದ ಮೇಲೆ ಕೂರುತ್ತದೆ, ಮುಗೀತು ಕಥೆ. ಡಿಸ್ಕಿನ ಮೇಲಿನ ಸೀರಿಯಲ್ ನಂಬರನ್ನು ಪರದೆಯಲ್ಲಿ ಕಾಣುವುದರ ಜೊತೆ ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿ.

ಶುರುವಾದ ಮೇಲೆ ಪರದೆಯಲ್ಲಿ ಸಾಲುಗಳು ಓಡುತ್ತವೆ: ಎಷ್ಟು ಪಾರಾಯಿತು, ಎಷ್ಟು ಕಡೆ ಓದಲು ಆಗಲಿಲ್ಲ, ಕೊನೇ ಸಲ ಓದಿ ಎಷ್ಟು ಹೊತ್ತಾಯಿತು. ಆ ಕೊನೇ ಸಾಲಿನ ಮೇಲೆ ಕಣ್ಣಿಡಿ. ಅದು ಸೆಕೆಂಡ್‌ಗಳಲ್ಲೇ ಇದ್ದರೆ ನಿಶ್ಚಿಂತೆ. ನಿಮಿಷ ದಾಟಿ ಬೆಳೆಯುತ್ತಲೇ ಹೋದರೆ ನಿಲ್ಲಿಸಿ, ಡಿಸ್ಕ್ ತಣ್ಣಗಾಗಲು ಬಿಡಿ, ಮತ್ತೆ ಶುರು ಮಾಡಿ. ಒಳ್ಳೆ ಡಿಸ್ಕ್ ಆದರೆ 500 ಜಿಬಿ ಒಂದೂವರೆ ಗಂಟೆಯಲ್ಲಿ ಆಗಿಬಿಡುತ್ತದೆ. ಕೆಟ್ಟ ಡಿಸ್ಕಿಗೆ ಅಂದಾಜು ಹೇಳಲು ಆಗುವುದಿಲ್ಲ, ರಾತ್ರಿಯಿಡೀ ಬಿಡಬೇಕಾಗಬಹುದು. ಯುಪಿಎಸ್ ಇರಲಿ.

ನಕಲು ಆದ ಮೇಲೆ ಹಳೇ ಡಿಸ್ಕ್ ಕಳಚಿ ಪಕ್ಕಕ್ಕಿಡಿ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಒಟ್ಟಿಗೆ ಇದ್ದರೆ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಹೊಸದರ ಮೇಲೆ ಈಗ ಚೆಕ್‌ಡಿಸ್ಕ್ ಧಾರಾಳವಾಗಿ ಓಡಿಸಿ. ಎಷ್ಟೋ ಮಷಿನ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಏಳದಿದ್ದರೆ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಿಪೇರಿ ಆಯ್ಕೆಗೆ ಹೋಗಿ, ಕಮಾಂಡ್ ಪ್ರಾಂಪ್ಟ್ ತೆಗೆಯಿರಿ. ಅಲ್ಲಿ ಸಿ ಡ್ರೈವ್‌ಗೆ ಬೇರೆ ಅಕ್ಷರ ಬಂದಿರಬಹುದು, ಮೊದಲು ಡ್ರೈವ್‌ಗಳ ಪಟ್ಟಿ ತೋರಿಸುವ ಡಿಸ್ಕ್‌ಪಾರ್ಟ್ ಕಮಾಂಡ್‌ನಲ್ಲಿ ನೋಡಿಕೊಳ್ಳಿ. ಬೂಟ್ ಫೈಲ್‌ಗಳು ಹಾಳಾಗಿದ್ದರೆ ಬಿಸಿಡಿಬೂಟ್ ಕಮಾಂಡ್ ಅವನ್ನು ಹೊಸದಾಗಿ ಬರೆದು ಕೊಡುತ್ತದೆ. ವಿಂಡೋಸ್‌ನದೇ ಫೈಲ್‌ಗಳು ಕೆಟ್ಟ ಸೆಕ್ಟರ್‌ನಲ್ಲಿ ಸಿಕ್ಕಿಕೊಂಡಿದ್ದರೆ ಆ ಫೈಲ್‌ಗಳನ್ನು ಸರಿಪಡಿಸುವ ಎಸ್‌ಎಫ್‌ಸಿ ಕಮಾಂಡನ್ನು ಆಫ್‌ಲೈನ್ ಆಗಿ, ಅಂದರೆ ಆ ವಿಂಡೋಸ್ ಶುರುವಾಗದೆ ಇರುವಾಗಲೇ, ಓಡಿಸಬೇಕು.

ಇಷ್ಟಾದರೂ ಏಳಲಿಲ್ಲ ಅಂದರೆ ಹಟ ಹಿಡಿಯಬೇಡಿ. ನಕಲಿನಿಂದ ಫೈಲ್‌ಗಳನ್ನು ಬೇರೆ ಕಡೆ ತೆಗೆದಿಟ್ಟು ವಿಂಡೋಸ್ ಹೊಸದಾಗಿ ಹಾಕಿಸಿ. ನಿಮ್ಮ ಮಂಡಿಯಲ್ಲಿ ಬೆಲೆ ಇರುವುದು ಟ್ಯಾಲಿ ಲೆಕ್ಕಕ್ಕೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಕೊನೇ ದಿನಾಂಕದಿಂದ 72 ತಿಂಗಳು ಇಟ್ಟಿರಬೇಕು ಅನ್ನುವುದು ನಿಮಗೂ ಗೊತ್ತು. ವಿಂಡೋಸ್ ಮತ್ತೆ ಸಿಗುತ್ತದೆ. ಅಸಲಿ ಲೈಸೆನ್ಸ್ ಇದ್ದರೆ ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕಿಗಲ್ಲ. ಅದೇ ಎಡಿಷನ್ ಹಾಕಿ ಇಂಟರ್‌ನೆಟ್ ಕೊಟ್ಟರೆ ಸಾಮಾನ್ಯವಾಗಿ ತಾನೇ ಆಕ್ಟಿವೇಟ್ ಆಗುತ್ತದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೊಸದಾಗಿ ಹಾಕಿಸುವುದಾದರೆ ಮಷಿನ್ 11ಕ್ಕೆ ಹೊಂದುತ್ತದಾ ನೋಡಿಸಿ, ಟಿಪಿಎಂ 2.0 (ಮಷಿನ್‌ನ ಒಳಗಿನ ಭದ್ರತಾ ಚಿಪ್) ಬೇಕು.

ಹೊಸದಾಗಿ ಹಾಕಿಸಿದಾಗ ಮರೆತುಹೋಗುವವು ಎರಡು. ಟ್ಯಾಲಿಯ ಡೇಟಾ ಫೋಲ್ಡರ್ ಸಿ ಡ್ರೈವ್‌ನಲ್ಲಿ ಇತ್ತಾ, ಡಿ ಡ್ರೈವ್‌ನಲ್ಲಾ? ಒಳಗೆ ಬರೀ ಅಂಕಿಗಳ ಹೆಸರಿನ ಫೋಲ್ಡರ್‌ಗಳಿರುತ್ತವೆ, ಒಂದೊಂದೂ ಒಂದೊಂದು ಕಂಪನಿ. ಅವನ್ನು ಇಡಿಯಾಗಿ ಎತ್ತಿಡಬೇಕು. ಲೈಸೆನ್ಸ್ ರೀಆಕ್ಟಿವೇಟ್ ಮಾಡಲು ನಿಮ್ಮ ಟ್ಯಾಲಿ ಐಡಿ, ಪಾಸ್‌ವರ್ಡ್ ಕೇಳಬಹುದು, ಹುಡುಕಿಟ್ಟುಕೊಳ್ಳಿ.

ಎರಡನೇದು ನುಡಿ ಸಾಫ್ಟ್‌ವೇರ್. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರಗಳನ್ನು ಹೊಸ ವಿಂಡೋಸ್‌ನಲ್ಲಿ ತೆರೆದರೆ ಕನ್ನಡವೇ ಇರುವುದಿಲ್ಲ. ಪೌಂಡ್ ಗುರುತು, ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಹೀಗೆ ಏನೇನೋ. ಫೈಲ್ ಹಾಳಾಯಿತು ಅಂತ ಗಾಬರಿಯಾಗಿ ಡಿಲೀಟ್ ಮಾಡಿದವರನ್ನು ನೋಡಿದ್ದೇನೆ. ಏನೂ ಆಗಿರುವುದಿಲ್ಲ, ಫಾಂಟ್ ಇಲ್ಲ ಅಷ್ಟೇ. ನಕಲಿನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ನುಡಿಯವನ್ನು ತೆಗೆದು ಹೊಸದಕ್ಕೆ ಹಾಕಿದರೆ ಅಕ್ಷರ ಸರಿಯಾಗುತ್ತವೆ.

ರಿಪೇರಿಯವರಿಗೆ "ಫಾರ್ಮ್ಯಾಟ್ ಬೇಡ, ಡಿಡಿರೆಸ್ಕ್ಯೂನಲ್ಲಿ ಹೊಸ ಡಿಸ್ಕಿಗೆ ಕ್ಲೋನ್ ಮಾಡಿಕೊಡಿ, ಹಳೇದು ನನಗೇ ವಾಪಸ್ ಕೊಡಿ" ಅಂತ ಹೇಳಿ. ಅದೇನು ಅಂತ ಕೇಳಿದರೆ ಬೇರೆ ಅಂಗಡಿ ನೋಡಿ. ಬಯೋಸ್‌ನಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆಯಾ, 5 ಮತ್ತು 197ರಲ್ಲಿ ಎಷ್ಟಿದೆ ಅಂತ ಅವರನ್ನೇ ಕೇಳಿ ಇಲ್ಲಿ ಬರೆಯಿರಿ. ಎಷ್ಟು ಆಸೆ ಇಟ್ಟುಕೊಳ್ಳಬಹುದು ಅಂತ ಹೇಳುತ್ತೇನೆ.